ಮೆತ್ತನೆಯ ಮೇಣ ತರಿಸಿದ್ದು

ಬಟ್ಟಲಿಗೆ ಮೇಣ ಕರಗಿಸಿ ಹೊಯ್ಯಬೇಕು, ನಡುವೆ ಬತ್ತಿ ನಿಲ್ಲಿಸಬೇಕು, ಆರಲು ಬಿಡಬೇಕು. ದೀಪ ಸಿದ್ಧ! ಇಷ್ಟು ಸುಲಭದ ಕೆಲಸವನ್ನು ಬೈಲಹೊಂಗಲದಲ್ಲಿ ಇದುವರೆಗೆ ಯಾರೂ ಏಕೆ ಮಾಡಿಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು. ಈಗ ಆಶ್ಚರ್ಯವಿಲ್ಲ.

ಈ ಕೆಲಸಕ್ಕೆ ಕೈಹಾಕಲು ಕಾರಣವಿತ್ತು. ಹಿಂದಿನ ಸಲ ನಮ್ಮ ಬಸವ್ವನನ್ನು ನೋಡಲು ಬಂದವರು, ಮುಸ್ಸಂಜೆಯಲ್ಲಿ ಕಂದೀಲಿನ ಬೆಳಕಿಗೆ ನೋಡಿ, ಹುಡುಗಿ ಕಪ್ಪು ಎಂದು ಎದ್ದು ಹೋದರು. ಕಪ್ಪಾಗಿದ್ದುದು ಕಂದೀಲಿನ ಗಾಜು! ಗಾಜಿನ ತಪ್ಪಿಗೆ ನನ್ನ ಮಗಳಿಗೆ ಶಿಕ್ಷೆ! ಈಗ ನೇಸರಗಿಯಿಂದ ಇನ್ನೊಬ್ಬರು ಬರುವವರಿದ್ದರು. ಒಳ್ಳೆಯ ಮನೆತನ. ಈ ಸಲವೂ ತಪ್ಪಿದರೆ ಎಂಬ ಚಿಂತೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಹೊಗೆಯಿಲ್ಲದ ಐದು ಮೇಣದ ದೀಪ ಸಾಲಾಗಿ ಹಚ್ಚಿಯೇ ತೀರುವೆನೆಂದು ಹೆಂಡತಿಯೆದುರು ಘೋಷಿಸಿದೆ.

"ಕಂದೀಲದ ಗಾಜು ತಿಕ್ಕಿದ್ರ ಆಗೂದಿಲ್ಲೇನ್ರಿ?" ಎಂದಳು ನೀಲವ್ವ.

ನಾನು ಆಗಲೇ ಚಪ್ಪಲಿ ಮೆಟ್ಟಿ ಪೇಟೆಗೆ ಹೊರಟಿದ್ದೆ.

ಮೊದಲು ಜೇನುಮೇಣ ತಂದೆ. ಕರಗಿತು, ಆರಿತು, ಕಲ್ಲಾಯಿತು. ಆರುತ್ತ ಆರುತ್ತ ಬಟ್ಟಲಿನ ಅಂಚು ಬಿಟ್ಟು ಒಳಕ್ಕೆ ಸರಿದು ಕುಳಿತಿತು. ಅಲುಗಿಸಿದರೆ ಗಡಗಡ ಸದ್ದು! ಬತ್ತಿ ಹಚ್ಚಿದರೆ ಸುತ್ತಲಿನ ಮೇಣ ಕರಗದೆ, ಉರಿ ತನ್ನ ಕೆಳಗೆ ತಾನೇ ಬಾವಿ ತೋಡಿಕೊಂಡು ಅದರಲ್ಲೇ ಮುಳುಗಿತು. ಗಟ್ಟಿ ಮೇಣ ಬಟ್ಟಲಿಗೆ ಆಗದು, ಮೆತ್ತನೆಯದೇ ಬೇಕು ಎಂದು ಆಗ ತಿಳಿಯಿತು. ಅದಕ್ಕೆ ಕುಸುಬಿ ಎಣ್ಣೆ ಬೆರೆಸಿದೆ. ತುಸು ಹೆಚ್ಚೇ ಬಿದ್ದಿತೆಂದು ಕಾಣುತ್ತದೆ. ಮೂರು ದಿನವಾದರೂ ಅದು ಗಟ್ಟಿಯಾಗಲೇ ಇಲ್ಲ.

"ರೊಟ್ಟಿಗೆ ಹಚ್ಚಿಕೊಂಡ ತಿನ್ನೂಣೇನ್ರಿ?" ನೀಲವ್ವನ ಇನ್ನೊಂದು ಪ್ರಶ್ನೆ.

ಪೇಟೆಯ ಅತ್ತರಿನ ಅಂಗಡಿಯ ಹುಸೇನಸಾಬರು ಮರುಗಿದರು. "ಮಾಸ್ತರ, ನಿಮಗ ಬೇಕಾದ ಮಾಲು ಇಲ್ಲಿ ಸಿಗೂದಿಲ್ಲರಿ. ರಾಮದುರ್ಗದಾಗ ಒಬ್ಬಾಂವ ಅದಾನ. ಮದಿವಿಗೆ ಏನ್ ಬೇಕು ಅಂತೀರಿ, ಎಲ್ಲಾ ಕಳಸ್ತಾನ. ಕಾಗದ ಬರೀರಿ."

ಬರೆದೆ. ನಮ್ಮ ಕಡೆ ವ್ಯಾಪಾರದ ಕಾಗದವೆಂದರೆ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ, ಲೇಖನಿ ಎತ್ತದೆ ಬರೆಯಬೇಕು. "ಹೆಣ್ಣು ನೋಡುವ ಕಾರ್ಯಕ್ಕಾಗಿ ಒಂದು ಉತ್ತಮ ಮೇಣ ಕಳಿಸುವುದು. ಮೆತ್ತಗಿರಬೇಕು. ಬಿಸಿಲಿಗೆ ಬಿರುಕು ಬಿಡಬಾರದು. ಕೆಟ್ಟ ವಾಸನೆ ಸರ್ವಥಾ ಇರಬಾರದು." ಅಕ್ಷರ ಎಷ್ಟು ಚೆಂದ ಬಂದಿತ್ತೆಂದರೆ, ಉತ್ಸಾಹದಲ್ಲಿ ಒಂದೆರಡು ಕಡೆ ಗೀಟನ್ನು ಸ್ವಲ್ಪ ಉದ್ದಕ್ಕೇ ಎಳೆದೆ.

ನೇಸರಗಿಯವರು ಬರುವ ದಿನ ಇಳಿಹೊತ್ತಿಗೆ ಬಾಗಿಲಲ್ಲಿ ಗದ್ದಲ. ಹೋಗಿ ನೋಡುತ್ತೇನೆ, ನಾಲ್ಕು ಜನ ಭೋಯಿಗಳು ಹೆಗಲ ಮೇಲಿನಿಂದ ಒಂದು ಮೇಣೆ ಇಳಿಸುತ್ತಿದ್ದಾರೆ! ಒಳಗೆ ಮೆತ್ತನೆಯ ಹಾಸಿಗೆ, ಬಿಳಿ ಲೋಡು, ರೇಶಿಮೆ ಪರದೆ.

"ರಾಮದುರ್ಗದಿಂದ ಬಂದೇವ್ರಿ," ಎಂದ ಮುಂದಿನ ಭೋಯಿ. "ವಾಸನಿ ಇರಬಾರದಂತ ಬರದಿದ್ರಂತಲ್ಲ, ಮಲಪ್ರಭಾದಾಗ ಚಲೋತಂಗ ಜಳಕಾನೂ ಮಾಡೇವಿ."

ಮರಾಠಿಯಲ್ಲಿ ಮೇಣ ಎಂದರೆ ಮೇಣ. ಮೇಣಾ ಎಂದರೆ ಹೊತ್ತೊಯ್ಯುವ ಮೇಣೆ, ಪಲ್ಲಕ್ಕಿ. ನಡುವೆ ಇರುವುದು ಒಂದೇ ಗೀಟು. ಆ ಗೀಟು ನಾಲ್ಕು ಜನರ ಹೆಗಲೇರಿ ನನ್ನ ಮನೆಗೆ ಬಂದಿತ್ತು!

ಇದನ್ನು ಎಲ್ಲಿ ಬಚ್ಚಿಡಲಿ ಎಂದು ಹಿತ್ತಲ ಕಡೆ ನೋಡುತ್ತಿದ್ದಾಗಲೇ ನೇಸರಗಿಯವರ ಚಕ್ಕಡಿ ಬಂದು ನಿಂತಿತು. ವರನ ತಂದೆ ಇಳಿಯಲಿಲ್ಲ. ಮೇಣೆ ನೋಡಿದರು. ಭೋಯಿಯನ್ನು ಕೇಳಿದರು: "ಇದು ಯಾರಿಗೋ ತಮ್ಮಾ?"

"ಹೆಣ್ಣ ನೋಡೂ ಕಾರ್ಯಕ್ಕ ತರಿಸ್ಯಾರ್ರಿ. ಹೆಣ್ಣಿಗೇ ಇರಬೇಕು."

"ಅಂದ್ರ ಹುಡುಗಿಗೆ ನಡ್ಯಾಕ ಬರೂದಿಲ್ಲೇನು?"

ನಾನು ಮುಂದೆ ಓಡಿದೆ. "ಹಂಗಲ್ರಿ ಯಜಮಾನ್ರ! ನಾ ಕೇಳಿದ್ದು ಮೇಣ! ಬಟ್ಟಲದಾಗ ಹಾಕಾಕ!"

ಅವರು ಮೇಣೆಯನ್ನು ಇನ್ನೊಮ್ಮೆ ನೋಡಿದರು. ನನ್ನನ್ನು ನೋಡಿದರು. "ಬಟ್ಟಲದಾಗ," ಎಂದರು ಮೆಲ್ಲಗೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ತಂದಿದೂ ತಲಿ ನೆಟ್ಟಗಿಲ್ಲ. ನಡಿ ಹೋಗೂಣು," ಎಂದು ಚಕ್ಕಡಿ ತಿರುಗಿಸಿದರು.

ನನ್ನ ಕಾಲು ನೆಲಕ್ಕೆ ಅಂಟಿದವು. ಆದರೆ ಬಾಗಿಲ ಮರೆಯಲ್ಲಿ ಎಲ್ಲ ಕೇಳುತ್ತಿದ್ದ ಬಸವ್ವನ ಕಾಲು ಅಂಟಲಿಲ್ಲ. ನಿರಿಗೆ ಎತ್ತಿ ಹಿಡಿದು, ಭೋಯಿಗಳ ನಡುವಿನಿಂದ ನುಸುಳಿ, ಓಣಿಯುದ್ದಕ್ಕೂ ಓಡಿ, ಎತ್ತುಗಳ ಮುಂದೆಯೇ ಹೋಗಿ ನಿಂತುಬಿಟ್ಟಳು!

"ನಡ್ಯಾಕ ಬರತೈತ್ರಿ," ಎಂದಳು ಏದುಸಿರು ಬಿಡುತ್ತ. "ಓಡಾಕೂ ಬರತೈತಿ."

ವರನ ತಾಯಿ ಮೊದಲು ನಕ್ಕರು. ಆಮೇಲೆ ಇಳಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ನಡುಬೀದಿಯಲ್ಲಿ, ಇಳಿಬಿಸಿಲಿನಲ್ಲಿ, ನನ್ನ ಮಗಳ ಮುಖವನ್ನು ಗದ್ದ ಹಿಡಿದೆತ್ತಿ ಕಣ್ತುಂಬ ನೋಡಿದರು. ಒಂದೇ ಒಂದು ದೀಪ ಬೇಕಾಗಲಿಲ್ಲ!

ಒಳಗೆ ಬಂದು ಅವಲಕ್ಕಿ ತಿಂದ ಮೇಲೆ ಯಜಮಾನರು ಬಾಯಿ ಬಿಟ್ಟರು. "ಮಾಸ್ತರ, ಹುಡುಗಿ ನಮಗ ಒಪ್ಪಿಗಿ. ಒಂದ ಮಾತು ನಡಿಸಿ ಕೊಡಬೇಕು. ಲಗ್ನಪತ್ರಿಕಿ ಮಾತ್ರ ನೀವು ಬರೀಬ್ಯಾಡ್ರಿ."

ನನ್ನ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವನಿಗೆ ಈ ಮಾತೇ? ತಕ್ಕ ಉತ್ತರ ಕೊಡಬೇಕೆಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ನೀಲವ್ವ ಒಳಗಿನಿಂದಲೇ, "ಆಗ್ಲಿರಿ ಅಣ್ಣಾರ, ಮಸಿ ದೌತಿ ನಾ ಮುಚ್ಚಿಡತೇನಿ," ಎಂದುಬಿಟ್ಟಳು.

ಲಗ್ನಪತ್ರಿಕೆಯನ್ನು ನಮ್ಮ ಶಾಲೆಯ ಸಹಾಯಕ ಮಾಸ್ತರ ಬರೆದ. ಅದರಲ್ಲಿ ನನ್ನ ಹೆಸರೇ ತಪ್ಪಾಗಿದೆ. ಊರೆಲ್ಲ ಓದಿದೆ, ಅಕ್ಷರ ಮುತ್ತಿನಂತಿದೆ ಎಂದು ಹೊಗಳಿದೆ. ತಪ್ಪು ಕಂಡದ್ದು ನನಗೊಬ್ಬನಿಗೇ!