ನಾಯಕಿಗೆ ಕೆಮ್ಮು ಬಂದಾಗ

ಮನೆ ತುಂಬ ಡಾಕ್ಟರುಗಳಿದ್ದರೂ ಕೆಮ್ಮಿದವರನ್ನು ಕೇಳೋರಿಲ್ಲ. ತೊಂಬತ್ತರ ದಶಕದ ಅಟ್ಲಾಂಟಾದಲ್ಲಿ ಇದು ನಮ್ಮವರ ಪ್ರತಿ ಹಬ್ಬದ ಕಥೆ. ಪ್ರತಿ ಸಲವೂ ನನಗೆ ಮೈ ಉರಿಯುತ್ತಿತ್ತು. ಹಾಳಾದ್ದು, ಕೊನೆಗೆ ನಗುವೂ ಬರುತ್ತಿತ್ತು.

೧. ಹೋಳಿಗೆ ಪರೀಕ್ಷೆ

ಲಾರೆನ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಹುಡುಗನ ತಾಯಿ ಸೊಸೆಯ ಬಾಣಂತನಕ್ಕೆಂದು ಹೆರಿಗೆಗೆ ಮೊದಲೇ ಮೈಸೂರಿಂದ ಬಂದಿದ್ದರು. ಯುಗಾದಿ ಊಟದಲ್ಲಿ ಹೃದಯದ ಡಾಕ್ಟರೊಬ್ಬರನ್ನು ಹಿಡಿದು, "ಬಿ.ಪಿ. ಮಾತ್ರೆ ಮುಗೀತಾ ಬಂತು ಡಾಕ್ಟ್ರೇ" ಅಂದರು. ಆ ಮಹಾನುಭಾವರು ಈ ಅಮ್ಮನ ಮುಖವನ್ನೂ ನೋಡದೆ, ಕಾರಿನಿಂದ ಒಂದು ಚೀಲ ಸ್ಯಾಂಪಲ್ ಮಾತ್ರೆ ತಂದುಕೊಟ್ಟು ಊಟದ ಮೇಜಿಗೆ ಓಡಿದರು. ನಾಡಿ ಹಿಡಿಯಲಿಲ್ಲ. ಹೋಳಿಗೆಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು.

೨. ಬಿಡಿಭಾಗಗಳು

ಬೇಸಿಗೆ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು, ಅಮ್ಮನಿಗೆ ಒಣಕೆಮ್ಮೂ ಅಂಟಿಕೊಂಡಿತು. "ಟೀಬಿ ಇರಬಹುದೇನೋ ಅಂತ ಸೊಸೆ ಮಗೂನ ಎತ್ಕೊಳ್ಳೋಕೇ ಬಿಡಲ್ಲ" ಅಂತ ಕಣ್ಣೀರು. ಇನ್ಶೂರೆನ್ಸ್ ಇಲ್ಲ. ಮಗನಿಗೆ ಆಸ್ಪತ್ರೆ ಬಿಲ್ಲಿನ ಹೆದರಿಕೆ. ಕೆಮ್ಮೋಕೂ ಇನ್ಶೂರೆನ್ಸ್ ಕೇಳುವ ದೇಶ!

ನಮ್ಮ ಡಾಕ್ಟರುಗಳಿಗೆಲ್ಲ ಫೋನ್ ಮಾಡಿದೆ. ಒಬ್ಬರು "ನಾನು ಮೂಳೆ" ಅಂದರು. ಇನ್ನೊಬ್ಬರು "ನಾನು ಚರ್ಮ" ಅಂದರು. ಸ್ಯಾಂಪಲ್ ಕೊಟ್ಟವರು "ನಾನು ಹೃದಯ, ಕೆಮ್ಮು ನನ್ನದಲ್ಲ" ಅಂದರು.

"ಎಲ್ಲರನ್ನೂ ಜೋಡಿಸಿದರೂ ಒಬ್ಬ ಮನುಷ್ಯ ಆಗಲ್ವಲ್ಲ ಸ್ವಾಮಿ!" ಅಂತ ಫೋನ್ ಕುಕ್ಕಿದೆ.

೩. ಕಪ್ಪು ಬಿಳುಪು ಕೆಮ್ಮು

ಅಷ್ಟಕ್ಕೆ ಬಿಡುವವನಲ್ಲ ನಾನು. ಲೈಬ್ರರಿಯಿಂದ ಹಳೇ ಹಾಲಿವುಡ್ ಪ್ರೇಮಕಥೆಯ ಕ್ಯಾಸೆಟ್ ತಂದೆ. ಜಾನ್ಸ್ ಕ್ರೀಕ್‌ನ ಮೂಳೆ ಡಾಕ್ಟರ ಬೇಸ್‌ಮೆಂಟಿನಲ್ಲಿ ದೊಡ್ಡ ಟೀವಿ ಇತ್ತು. ಸಿನಿಮಾ, ಜೊತೆಗೆ ಊಟ ಅಂದದ್ದಕ್ಕೆ ಎಲ್ಲ ಡಾಕ್ಟರುಗಳೂ ಬಂದರು. ಅಮ್ಮನನ್ನು ಹಿಂದಿನ ಸೋಫಾದಲ್ಲಿ ಕೂರಿಸಿದೆ.

ನಾಯಕಿ ಕೆಮ್ಮಿದಳು, ಮಂಚ ಹಿಡಿದಳು. ಕಾಯಿಲೆ ಏನೆಂದು ಸಿನಿಮಾದವರು ಹೇಳಲೇ ಇಲ್ಲ. ಅಷ್ಟು ಸಾಕಾಯಿತು.

"ಫಸ್ಟ್ ಎಕ್ಸ್‌ರೇ ತೆಗೀರ್ರೋ!" ಅಂದಿತು ಮೂಳೆ.

"ಕೆನ್ನೆ ಎಷ್ಟು ಕೆಂಪಾಗಿದೆ ನೋಡ್ರೀ!" ಅಂದಿತು ಚರ್ಮ, ಕಪ್ಪು ಬಿಳುಪು ಚಿತ್ರದಲ್ಲಿ.

"ಹಾರ್ಟ್ ಕಣ್ರೀ ಇದು" ಅಂತ ಹೃದಯ ರಿಮೋಟ್ ಕಿತ್ತುಕೊಂಡು ರಿವೈಂಡ್ ಮಾಡಿತು. ಪಾಪದ ಹುಡುಗಿ ಸತ್ತು ಸತ್ತು ಎದ್ದಳು. ಹಿಂದೆ ಅಮ್ಮ ಒಂದೇ ಸಮ ಕೆಮ್ಮುತ್ತಿದ್ದರು.

"ಶ್! ಯಾರ್ರೀ ಅದು? ಅವಳ ಕೆಮ್ಮು ಕೇಳಿಸ್ತಿಲ್ಲ!" ಅಂತ ಹೃದಯವೇ ಗದರಿತು.

ಅಮ್ಮ ಎದ್ದು ಬಂದು ಟೀವಿಗೆ ಅಡ್ಡ ನಿಂತರು. "ಅವಳು ಸತ್ತಾಯ್ತು ಕಣ್ರಪ್ಪ. ನಾನಿನ್ನೂ ಇದ್ದೀನಿ. ನನ್ನನ್ನ ನೋಡಿ."

ಹೃದಯದ ಡಾಕ್ಟರು ಕೆಮ್ಮಿನ ವಿಚಾರವೆಲ್ಲ ಕೇಳಿ, ಅಮ್ಮ ಕೈಚೀಲದಿಂದ ತೆಗೆದು ತೋರಿಸಿದ ಬಿ.ಪಿ. ಮಾತ್ರೆ ನೋಡಿ ಕುಣಿದರು. "ಇದೇ! ಈ ಮಾತ್ರೆ ಕೆಲವರಿಗೆ ಕೆಮ್ಮು ತರುತ್ತೆ. ಟೀಬಿ ಅಲ್ಲ ಅನ್ಸುತ್ತೆ, ಆದ್ರೂ ನಾಳೆ ನನ್ನ ಕ್ಲಿನಿಕ್‌ಗೆ ಬನ್ನಿ, ದುಡ್ಡು ಬೇಡ. ಪೇಷಂಟ್ ಮುಖಾನೂ ನೋಡದೆ ಯಾವ ಕತ್ತೆ ಕೊಟ್ಟಿದ್ದು ಇದನ್ನ?"

ಅಮ್ಮ ಸುಧಾರಿಸಿಕೊಂಡು, "ಕತ್ತೆ ಅನ್ಬೇಡಿ ಡಾಕ್ಟ್ರೇ. ಪಾಪ, ಅವತ್ತು ನಿಮಗೆ ಹಸಿವಾಗಿತ್ತು" ಅಂದರು.

ಮಾತ್ರೆ ಬದಲಾಯಿತು, ಕೆಮ್ಮು ನಿಂತಿತು. ನಾಮಕರಣದ ದಿನ ಅಮ್ಮ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡೇ ಅದೇ ಡಾಕ್ಟರ ಮುಂದೆ ಬಂದು ನಿಂತರು. ಹೋಳಿಗೆ ತಟ್ಟೆ ಮಾತ್ರ ಬೆನ್ನ ಹಿಂದೆ.

"ಮೊದಲು ಮುಖ ನೋಡಿ" ಅಂದರು.