ಜೋಡವಾಡಿಯ ಯುದ್ಧಕ್ಕೆ ಜವಾನರು ಬಂದದ್ದು

ಜೋಡವಾಡಿಯ ಅಂತರ್ಯುದ್ಧವು ಸೋಮವಾರ ಬೆಳಿಗ್ಗೆ, ಉಪಾಹಾರದ ನಂತರ, ಸರ್ಕಾರಿ ಆದೇಶದ ಪ್ರಕಾರ ಪ್ರಾರಂಭವಾಯಿತು. ಬುಧವಾರ ಸಂಜೆ ಚಹಾದ ಹೊತ್ತಿಗೆ ಮುಗಿಯತಕ್ಕದ್ದೆಂದು ಅದೇ ಆದೇಶದಲ್ಲಿತ್ತು. ಮೊದಲನೆಯದು ಪಾಲನೆಯಾಗಿದೆ. ಎರಡನೆಯದರ ಬಗ್ಗೆ ಕ್ರಮ ಜಾರಿಯಲ್ಲಿದೆ.

ನಾನು ಈ ಯುದ್ಧದ ಅಧಿಕೃತ ಉದ್ಘೋಷಕ. ಕಬಡ್ಡಿ ಪಂದ್ಯಾವಳಿಯಿರಲಿ, ಕೃಷಿ ಮೇಳವಿರಲಿ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ವಿಚಾರವಿರಲಿ, ರಾಯಬಾಗದಿಂದ ಅಥಣಿಯವರೆಗೆ ಎಲ್ಲಿ ಮೈಕು ಇದೆಯೋ ಅದರ ಹಿಂದೆ ನಾನಿರುತ್ತೇನೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕಣ್ಣಾರೆ ಕಂಡು, ಬಾಯಿ ಒಣಗುವಷ್ಟು ಕೂಗಿದ್ದು.

ಯಾವ ಯುದ್ಧ ಎಂದು ಕೇಳುವವರಿಗೆ ಒಂದು ಮಾತು. ಜೋಡವಾಡಿಯಲ್ಲಿ ಹಿರೇವಾಡೆ, ಕಿರೇವಾಡೆ ಎಂದು ಎದುರುಬದುರು ಎರಡು ವಾಡೆಗಳು, ಅಂದರೆ ಕೋಟೆಯಂಥ ಹಳೆಯ ಮನೆಗಳು, ಇವೆ. ನಡುವೆ ರಸ್ತೆ, ರಸ್ತೆಯಲ್ಲಿ ಒಂದು ಹುಣಸೆ ಗಿಡ. ಹಿಂದೆ ಇಬ್ಬರು ದೇಸಾಯಿ ಅಣ್ಣತಮ್ಮಂದಿರು ಆ ಗಿಡದ ನೆರಳು ಯಾರದೆಂದು ಕಾದಾಡಿದರಂತೆ. ಬೆಳಿಗ್ಗೆ ನೆರಳು ತಮ್ಮನ ಕಟ್ಟೆಯ ಮೇಲೆ ಬೀಳುತ್ತಿತ್ತು, ಸಂಜೆ ಅಣ್ಣನ ಕಟ್ಟೆಯ ಮೇಲೆ. ಮಧ್ಯಾಹ್ನ ಅದು ಗಿಡದ ಬುಡದಲ್ಲೇ ಇರುತ್ತಿದ್ದುದರಿಂದ ಎರಡೂ ಸೈನ್ಯಗಳು ಊಟಕ್ಕೆ ಹೋಗುತ್ತಿದ್ದವು. ಇದಕ್ಕೆ ಶಾಸನವಿಲ್ಲ, ಕಾಗದವಿಲ್ಲ, ಸಾಕ್ಷಿಯಿಲ್ಲ. ಯಾರೂ ಅಲ್ಲಗಳೆಯಲು ಸಾಧ್ಯವಿಲ್ಲದ ಕಾರಣ ಜೀವಂತ ಇತಿಹಾಸ ಪ್ರಾಧಿಕಾರವು ಇದನ್ನು ಸತ್ಯವೆಂದು ಅಂಗೀಕರಿಸಿ, ಜನರ ತಿಳುವಳಿಕೆಗಾಗಿ ಮತ್ತೊಮ್ಮೆ ಯುದ್ಧ ಮಾಡಿಸಲು ತೀರ್ಮಾನಿಸಿತು.

ವಿಶೇಷ ಯುದ್ಧಾಧಿಕಾರಿಯಾಗಿ ವಿರುಪಾಕ್ಷಪ್ಪನವರು ಬಂದರು. ಹಿಂದೆ ಅವರು ಕುರಿಗಳಿಗೆ ಲಸಿಕೆ ಹಾಕುವ ಅಭಿಯಾನ ನಡೆಸಿದವರು. ಯುದ್ಧಕ್ಕೂ ಲಸಿಕೆಗೂ ಪ್ರಗತಿ ವರದಿ ಒಂದೇ ನಮೂನೆಯದು ಎಂದು ನನಗೆ ಧೈರ್ಯ ಹೇಳಿದರು.

ಮುಖ್ಯ ಕಚೇರಿಯ ಸುತ್ತೋಲೆಯಲ್ಲಿ ಹೀಗಿತ್ತು: “ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಯುದ್ಧಕ್ಕೆ ಅಗತ್ಯವಾದಷ್ಟು ಜವಾನರನ್ನು ಒದಗಿಸತಕ್ಕದ್ದು.” ಬರೆದವರ ಮನಸ್ಸಿನಲ್ಲಿ ದೇಶದ ಗಡಿ ಕಾಯುವ ಜವಾನನಿದ್ದ. ಓದಿದವರ ಮನಸ್ಸಿನಲ್ಲಿ ಸಾಹೇಬರ ಬಾಗಿಲು ಕಾಯುವ ಜವಾನನಿದ್ದ. ಐದೂ ತಾಲೂಕಿನ ಕಚೇರಿಗಳು ತಮ್ಮಲ್ಲಿದ್ದ ಜವಾನರನ್ನೆಲ್ಲ ಒಬ್ಬರನ್ನೂ ಬಿಡದೆ ಕಳಿಸಿಕೊಟ್ಟವು. ಅವರು ಊಟದ ಡಬ್ಬಿ ಹಿಡಿದು ಹುಣಸೆ ಗಿಡದ ಕೆಳಗೆ ಸಾಲಾಗಿ ನಿಂತರು.

“ಸರ್, ಇವರು ಸೈನಿಕರಲ್ರಿ. ಚಹಾ ತರೋರು,” ಎಂದೆ ನಾನು.

ವಿರುಪಾಕ್ಷಪ್ಪನವರು ಸುತ್ತೋಲೆಯನ್ನು ಬೆರಳಿಟ್ಟು ಓದಿದರು. “ಜವಾನ ಅಂತ ಬರದೈತಿ. ಬಂದವರು ಜವಾನರು. ತಪ್ಪು ಎಲ್ಲೈತಿ ತೋರಸ್ರಿ.”

ನಿಪ್ಪಾಣಿಯ ಮೈಬೂಬನನ್ನು ಹಿರೇ ಸೈನ್ಯದ ದಳಪತಿ ಮಾಡಿ ಕೆಂಪು ರುಮಾಲು ಕೊಟ್ಟರು. ರಾಯಬಾಗದ ಬಸವಂತನಿಗೆ ಕಿರೇ ಸೈನ್ಯ, ಹಳದಿ ರುಮಾಲು.

ಮೊದಲ ದಿನವೇ ಒಂದು ಸಣ್ಣ ತೊಡಕು ಬಂತು. ದಾಳಿಯ ಸಂಕೇತವಾಗಿ ಗಂಟೆ ಬಾರಿಸಿದಾಗ ಎರಡೂ ಸೈನ್ಯಗಳು ವೈರಿಯ ಕಡೆ ಓಡದೆ ವಿರುಪಾಕ್ಷಪ್ಪನವರ ಕೋಣೆಯ ಬಾಗಿಲಿಗೆ ಓಡಿಬಂದು, “ಕರದ್ರೇನ್ರಿ ಸರ್?” ಎಂದು ನಿಂತವು. ಎಷ್ಟು ಸಲ ತಿದ್ದಿದರೂ ಅಷ್ಟೇ. ಕೊನೆಗೆ ರಣರಂಗವನ್ನೇ ಆ ಬಾಗಿಲಿನ ಮುಂದಕ್ಕೆ ಸ್ಥಳಾಂತರಿಸಲಾಯಿತು. ಅಲ್ಲಿ ಮೈಬೂಬ ಕತ್ತಿ ಎತ್ತಿಕೊಂಡು ನುಗ್ಗಿದರೆ ಬಸವಂತ ಕೂತಲ್ಲಿಂದ ಏಳದೆ, “ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ನಾಳೆ ಬಾ,” ಎನ್ನುತ್ತಿದ್ದ. ಮೈಬೂಬ ತಿರುಗಿ ಹೋಗಿಬಿಡುತ್ತಿದ್ದ. ಇಷ್ಟು ಕಡಿಮೆ ರಕ್ತಪಾತದ ಯುದ್ಧವನ್ನು ಜನ ನೋಡಿರಲಿಲ್ಲ. ಶಿಳ್ಳೆ ಹೊಡೆದರು.

ಯುದ್ಧಕ್ಕೆ ರಣರಂಗವೊಂದೇ ಸಾಲದು, ಗೃಹರಂಗವೂ ಬೇಕು ಎಂದು ನಿಯಮಾವಳಿ ಹೇಳುತ್ತದೆ. ಗಂಡಸರು ಹೊಡೆದಾಡುವಾಗ ಮನೆಯಲ್ಲಿ ಹೆಂಗಸರು ಹೇಗಿದ್ದರು ಎಂಬುದನ್ನೂ ಜನ ನೋಡಬೇಕು. ಇದಕ್ಕೆ ಹಿರೇ ಕಡೆಯ ಕಾಳವ್ವನ ಮನೆ ಆಯ್ಕೆಯಾಯಿತು. ಊರಿನಲ್ಲಿ ಬೀಸುವ ಕಲ್ಲು ಉಳಿದಿದ್ದು ಅವಳ ಹಿತ್ತಲಲ್ಲಿ ಮಾತ್ರ. ಅದರ ಮೇಲೆ ಅವಳು ಡಿಶ್ ನಿಲ್ಲಿಸಿದ್ದಳು.

ಅವಳ ಗ್ಯಾಸು, ಮಿಕ್ಸರು, ಫ್ರಿಜ್ಜು, ಫ್ಯಾನುಗಳನ್ನು ‘ಕಾಲಬಾಹಿರ ವಸ್ತುಗಳು’ ಎಂದು ಕರೆದು ಹಿರೇವಾಡೆಗೆ ಸಾಗಿಸಿದರು. ಮನೆಯ ಗಂಡಸು ಯುದ್ಧಕ್ಕೆ ಹೋಗಿರತಕ್ಕದ್ದು ಎಂದು ಮುಂದಿನ ನಿಯಮ. ಅದನ್ನು ಓದಿ ಮುಗಿಸುವುದರೊಳಗೆ ಅವಳ ಗಂಡ ಸಿದ್ದಲಿಂಗ ಚೀಲ ಹಿಡಿದು ದಿಗ್ಗೇವಾಡಿಯ ತಂಗಿಯ ಮನೆಗೆ ಹೊರಟುಬಿಟ್ಟಿದ್ದ. ಅಷ್ಟು ಹುರುಪಿನಿಂದ ಯುದ್ಧಕ್ಕೆ ಹೋದ ಗಂಡಸನ್ನು ನಾನು ಬೇರೆ ನೋಡಿಲ್ಲ.

“ಹೆಂಡತಿ ದಿನಾ ಮುಂಜಾನೆ, ಸಂಜಿಕೆ ಬಾಗಲದಾಗ ನಿಂತು ದಾರಿ ನೋಡಬೇಕ್ರಿ ಅಕ್ಕಾರ,” ಎಂದರು ವಿರುಪಾಕ್ಷಪ್ಪನವರು.

“ಬರ್ಲಿ ಅಂತ ನೋಡಬೇಕೋ, ಬರಬಾರದು ಅಂತ ನೋಡಬೇಕೋ?”

“ಅದು ನಿಯಮದಾಗ ಇಲ್ರಿ. ಬರೇ ನೋಡ್ರಿ.”

ಕಾಳವ್ವ ಇದಕ್ಕೆಲ್ಲ ಒಪ್ಪಿದ್ದು ಒಂದೇ ಕರಾರಿನ ಮೇಲೆ. “ಆಯ್ತವಾರ ನನ್ನ ಮಗಳು ಪ್ರಾಜಕ್ತಾನ ಸಾಖರಪುಡಾ ಐತ್ರಿ. ಮಂಗಸೂಳಿಯವರು ಬರಾಕತ್ತಾರ. ಅಷ್ಟರಾಗ ನನ್ನ ಸಾಮಾನು ತಿರಿಗಿ ಬರಬೇಕು, ಯುದ್ಧ ಬಾಗಲ ಬಿಟ್ಟು ಹೋಗಿರಬೇಕು.”

ಸಾಖರಪುಡಾ ಎಂದರೆ ಸಕ್ಕರೆಯ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡುವ ನಿಶ್ಚಯ. ಪ್ರಾಜಕ್ತಾ ಈವರೆಗೆ ಬಂದವರನ್ನೆಲ್ಲ ಬೇಡವೆಂದು, ಮಂಗಸೂಳಿಯ ಸಂದೇಶನಿಗೆ ಮಾತ್ರ ಹೂಂ ಅಂದಿದ್ದಳು. ಹುಡುಗ ಒಳ್ಳೆಯವ, ದ್ರಾಕ್ಷಿ ತೋಟವಿದೆ. ಆದರೆ ನೌಕರಿ ಇಲ್ಲ. ನಮ್ಮ ಕಡೆ ಈಗ ಎಷ್ಟು ತೋಟವಿದ್ದರೂ “ಬರೇ ದ್ರಾಕ್ಷಿ ಏನು?” ಎಂದು ಕೇಳಿ ಹೆಣ್ಣಿನವರು ಎದ್ದು ಹೋಗುತ್ತಾರೆ. ಕಾಳವ್ವನಿಗೂ ಆ ಮುಳ್ಳು ಇತ್ತು. ಮಗಳ ಹಟಕ್ಕೆ ಒಪ್ಪಿದ್ದಳು. ಇದೂ ತಪ್ಪಿದರೆ ಮಗಳು ಇನ್ನು ಯಾರನ್ನೂ ಒಪ್ಪುವುದಿಲ್ಲ ಎಂಬ ಹೆದರಿಕೆ ಅವಳಿಗೆ.

“ಬುಧವಾರ ರಾಜಿ ಐತ್ರಿ ಅಕ್ಕಾರ, ಕಾಳಜಿ ಬಿಡ್ರಿ,” ಎಂದರು ವಿರುಪಾಕ್ಷಪ್ಪನವರು.

ಬುಧವಾರ ಹಿರೇವಾಡೆಯಲ್ಲಿ ರಾಜಿಯ ಫೈಲು ಸಿದ್ಧವಾಯಿತು. ಅದಕ್ಕೆ ಕಿರೇವಾಡೆಯಲ್ಲಿ ಕೂತ ಉಪಯುದ್ಧಾಧಿಕಾರಿಯ ಸಹಿ ಆಗಬೇಕಿತ್ತು. ನಡುವೆ ಒಂದು ರಸ್ತೆ, ಎಮ್ಮೆಗಳೂ ಆಚೀಚೆ ನೋಡದೆ ದಾಟುವಂಥದ್ದು. ವಿರುಪಾಕ್ಷಪ್ಪನವರು ಬೆಲ್ ಒತ್ತಿದರು. ಎರಡೂ ಸೈನ್ಯಗಳು ಓಡಿಬಂದವು.

“ಮೈಬೂಬ, ಇದನ್ನ ಆಚೆ ಒಯ್ದು ಕೊಡು.”

“ನಾ ಈಗ ಸೈನಿಕ ಅದೀನ್ರಿ ಸರ್. ಆಚೆ ಕಾಲಿಟ್ರ ಸೆರೆ ಹಿಡೀತಾರ.”

“ಬಸವಂತ, ನೀ ಆ ಕಡೆಯವ. ನೀ ಒಯ್ಯಿ.”

“ನಾ ಒಯ್ದ್ರ ಅದು ಲೂಟಿ ಆಗತೈತ್ರಿ. ಲೂಟಿ ಮಾಲು ಸಹಿಗೆ ಇಡಾಕ ಬರೂದಿಲ್ಲ.”

“ಹಂಗಾದ್ರ ಯುದ್ಧದಾಗ ಇಲ್ಲದ ಜವಾನನ್ನ ಕರೀರಿ,” ಎಂದರು. ಐದೂ ತಾಲೂಕಿನಲ್ಲಿ ಅಂಥವನೊಬ್ಬನೂ ಉಳಿದಿರಲಿಲ್ಲ.

ನಾವೇ ಒಯ್ದು ಕೊಟ್ಟರಾಗದೇ ಎಂದು ನಾನು ಕೇಳಿದೆ. ವಿರುಪಾಕ್ಷಪ್ಪನವರು ಫೈಲನ್ನು ನನ್ನಿಂದ ದೂರ ಸರಿಸಿದರು. “ಫೈಲು ಅಧಿಕಾರಿ ಕಡೆ ಬರತೈತಿ. ಅಧಿಕಾರಿ ಫೈಲು ಹೊತ್ಕೊಂಡು ಹೋಗೂದಿಲ್ಲ. ನೀವಂತೂ ಗುತ್ತಿಗೆ ಮ್ಯಾಲೆ ಇದ್ದೀರಿ, ಮುಟ್ಟಾಕೂ ಅಧಿಕಾರ ಇಲ್ಲ. ಮೈಕಿನ್ಯಾಗ ಹೇಳಿಬಿಡ್ರಿ.”

ನಾನು ಹೇಳಿದೆ: “ಸಾರ್ವಜನಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದಾಗಿ ಶಾಂತಿಯನ್ನು ಮುಂದೂಡಲಾಗಿದೆ. ಯುದ್ಧವು ಎಂದಿನಂತೆ ನಡೆಯಲಿದೆ. ಚಪ್ಪಲಿಗಳಿಗೆ ತಾವೇ ಜವಾಬ್ದಾರರು.”

ಅತ್ತ ಕಚೇರಿಗಳಲ್ಲಿ ಫೈಲುಗಳು ಇದ್ದಲ್ಲೇ ಇದ್ದವು. ಸಾರ್ವಜನಿಕರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಸಾಹೇಬರುಗಳು ಮಾತ್ರ ಬೆಲ್ ಒತ್ತಿ ಒತ್ತಿ, ಕೊನೆಗೆ ನೀರು ಕುಡಿಯಲು ತಾವೇ ಎದ್ದು ಹೊರಬಂದು, ನೀರು ಎಲ್ಲಿಡುತ್ತಾರೆಂದು ತಿಳಿಯದೆ ಒಳಗೆ ಹೋದರು.

ಆಯ್ತವಾರ, ಅಂದರೆ ಭಾನುವಾರ, ಮಂಗಸೂಳಿಯವರು ಬಂದರು. ಆ ಊರವರು ಶುಭಕಾರ್ಯಕ್ಕೆ ಹೊರಟರೆ ಮಲ್ಲಯ್ಯನ ಗುಡಿಗೆ ಹೋಗಿ ಭಂಡಾರದ ಅರಿಶಿನ ಹಚ್ಚಿಕೊಳ್ಳದೆ ಹೊರಡುವುದಿಲ್ಲ. ಹಣೆ, ಕೆನ್ನೆ, ಅಂಗಿಯ ಕಾಲರು ಎಲ್ಲ ಹಳದಿ. ಹಳದಿ ಎಂದರೆ ಕಿರೇ ಸೈನ್ಯ. ಜೀಪಿನಿಂದ ಇಳಿಯುತ್ತಿದ್ದಂತೆಯೇ ಮೈಬೂಬನ ದಳ ಅವರನ್ನು ಸುತ್ತುವರಿಯಿತು.

“ಅಯ್ಯ, ನಾವು ಬೀಗರ ಮನಿಗೆ ಬಂದೇವೋ! ಇದು ದೇವರ ಭಂಡಾರ!” ಎಂದು ಹುಡುಗನ ತಾಯಿ ತಾರವ್ವ ಕೂಗಿಕೊಂಡಳು.

“ಗೊತ್ತೈತ್ರಿ ಅವ್ವಾರ,” ಎಂದ ಮೈಬೂಬ, ಅವಳ ಕೈಯ ಸಕ್ಕರೆ ಪೊಟ್ಟಣ ತಾನೇ ಹಿಡಿದುಕೊಂಡು. “ಆದ್ರ ನಿಯಮ ಹಂಗ ಐತಿ. ಬರ್ರಿ, ಒಳಗ ಫ್ಯಾನ್ ಐತಿ.”

ನಾನು ಕರ್ತವ್ಯದಂತೆ ಘೋಷಿಸಿದೆ: “ಮಂಗಸೂಳಿಯಿಂದ ಬಂದ ಕಿರೇ ಸೈನ್ಯದ ಹೆಚ್ಚುವರಿ ಪಡೆಯನ್ನು ಹಿರೇ ಸೈನ್ಯವು ಸೆರೆ ಹಿಡಿದಿದೆ. ಸೆರೆಯಾದವರಲ್ಲಿ ಕೆಲವು ಹೆಂಗಸರು ಹಾಗೂ ಒಬ್ಬ ವರ ಇದ್ದಾರೆ. ಚಪ್ಪಾಳೆ.”

ಕಾಳವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಸಾಹೇಬರ, ಹೊತ್ತು ಮುಣಗೂದ್ರಾಗ ಸಕ್ಕರಿ ಕೊಡಬೇಕ್ರಿ! ತಪ್ಪಿದ್ರ ಅವರು ಹೊಳ್ಳಿ ಹೋಗ್ತಾರ!”

“ಹೋಗಾಕ ಬರೂದಿಲ್ಲ ಬಿಡ್ರಿ, ಸೆರೆಯಾಗ ಅದಾರ,” ಎಂದು ವಿರುಪಾಕ್ಷಪ್ಪನವರು ಸಮಾಧಾನ ಹೇಳಿದರು. “ರಾಜಿ ಆದ ಕೂಡಲೇ ಬಿಡ್ತೀವಿ.”

ಅವಳು ಹಿರೇವಾಡೆಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ವಾರವೆಲ್ಲ ಹಸಿ ಕಟ್ಟಿಗೆ ಊದಿ ಊದಿ ಅವಳ ಕಣ್ಣುಗಳು ಮೊದಲೇ ಕೆಂಪಾಗಿದ್ದವು. ನನಗೆ ನಿಜವಾಗಿಯೂ ಕೆಟ್ಟದೆನಿಸಿತು, ಮೈಕು ಆಫ್ ಮಾಡಿದೆ.

ಆಗ ಪ್ರಾಜಕ್ತಾ ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಬಂದಳು. “ಅಳೂದು ಬಿಡವ್ವಾ. ಗೃಹರಂಗದ ಹೆಂಗಸರು ಸೆರೆಯಾಳಿಗೆ ಬುತ್ತಿ ಒಯ್ಯಬಹುದು ಅಂತ ಇವರೇ ಮೈಕಿನ್ಯಾಗ ಒದರ್ಯಾರ. ನಡಿ ಒಳಗ.”

ಒಳಗೆ ತಾರವ್ವ ಕಾಳವ್ವನ ಫ್ಯಾನಿನ ಕೆಳಗೆ ಕೂತಿದ್ದಳು. ಸೆರೆಯಾಳು ಬಂದವರ ಸೇವೆ ಮಾಡತಕ್ಕದ್ದೆಂಬ ನಿಯಮವಿರುವುದರಿಂದ, ಸಂದೇಶ ತಲೆ ತಗ್ಗಿಸಿ, ಚಹಾದ ಟ್ರೇ ಹಿಡಿದು, ನಿಧಾನಕ್ಕೆ ನಡೆದು ಬಂದ. “ಅಲಗ್ಯಾಡಬ್ಯಾಡ, ಸಾಸರಿನ್ಯಾಗ ಚೆಲ್ಲಬಾರದು,” ಎಂದು ಮೈಬೂಬ ಹಿಂದಿನಿಂದ ಪಿಸುಗುಟ್ಟುತ್ತಿದ್ದ. ಪ್ರಾಜಕ್ತಾ ಕುರ್ಚಿಯ ಮೇಲೆ ಕೂತು ಕಪ್ಪು ತೆಗೆದುಕೊಂಡಳು.

ಕಾಳವ್ವ ರೂಢಿಯಂತೆ, “ಹೆಸರೇನಪಾ?” ಎಂದಳು.

“ಸಂದೇಶ್ರಿ.”

“ಅಡಗಿ ಬರತೈತಿ?”

“ಉಪ್ಪಿಟ್ಟು ಬರತೈತ್ರಿ.”

“ಗಂಟು ಆಗತೈತೇನು?” ಎಂದಳು ಪ್ರಾಜಕ್ತಾ.

“ಒಮ್ಮೊಮ್ಮೆ.”

“ಖರೇ ಹೇಳ್ತಾನ. ಇರ್ಲಿ.”

ತಾರವ್ವ ಸೆರಗು ಬಾಯಿಗೆ ಹಿಡಿದು, ನಾವು ಹೆಣ್ಣು ನೋಡಾಕ ಬಂದಿದ್ವೋ ಗಂಡು ತೋರ್ಸಾಕ ಬಂದಿದ್ವೋ ಎಂದು ಗೊಣಗಿದಳು. ಎಲ್ಲರೂ ರೊಟ್ಟಿ ಹರಿದುಕೊಂಡು ಉಂಡರು. ಅಷ್ಟರಲ್ಲಿ ವಿರುಪಾಕ್ಷಪ್ಪನವರು ಒಳಗೆ ಬಂದು, ಸಂದೇಶನ ಕೈಯಲ್ಲಿದ್ದ ತುತ್ತು ನೋಡಿ ಗಂಭೀರರಾದರು.

“ಉಂಡನೇನು ಇವ?”

“ಉಂಡಾನ್ರಿ,” ಎಂದ ಮೈಬೂಬ.

ವಿರುಪಾಕ್ಷಪ್ಪನವರು ನಿಯಮಾವಳಿ ತೆಗೆದು ಓದಿದರು: “ಸೆರೆ ಸಿಕ್ಕವನು ಹಿಡಿದವರ ಉಪ್ಪು ಉಂಡಲ್ಲಿ, ಆ ಕ್ಷಣದಿಂದ ಅದೇ ಸೈನ್ಯದ ಜವಾನನೆಂದು ಪರಿಗಣಿಸತಕ್ಕದ್ದು. ಮೈಬೂಬ, ಇವನ ಹೆಸರು ಹಾಜರಿ ಪುಸ್ತಕದಾಗ ಹಚ್ಚು.”

ಕಾಳವ್ವ ನಿಧಾನಕ್ಕೆ ಎದ್ದು ನಿಂತಳು. “ಜವಾನ ಅಂದ್ರ? ಸರ್ಕಾರಿ ಜವಾನ?”

“ಮತ್ತೇನು ಇದು ಖಾಸಗಿ ಯುದ್ಧ ಐತೇನ್ರಿ?”

ಕಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇರುವೆ ಹತ್ತಬಾರದೆಂದು ಮೈಬೂಬ ಸಕ್ಕರೆಯ ಪೊಟ್ಟಣವನ್ನು ಅವಳ ಫ್ರಿಜ್ಜಿನಲ್ಲೇ ಇಟ್ಟಿದ್ದ. ಅದನ್ನು ತೆಗೆಸಿ, ಹೊತ್ತು ಮುಳುಗುವ ಮೊದಲೇ ಸಾಖರಪುಡಾ ಆಯಿತು. ಎರಡೂ ಸೈನ್ಯಗಳು ಅಕ್ಷತೆ ಹಾಕಿದವು. ತಾರವ್ವನೂ ಉಂಡಿದ್ದರಿಂದ ಅವಳನ್ನು ಫಿರಂಗಿ ವಿಭಾಗಕ್ಕೆ ನೇಮಿಸಲಾಯಿತು.

ಮರುದಿನ ಮುಖ್ಯ ಕಚೇರಿಯಿಂದ ಪಾರಿಸ ಎಂಬ ಜವಾನ ಬಂದ. ರಾಜಿಯ ಫೈಲನ್ನು ರಸ್ತೆ ದಾಟಿಸುವುದಕ್ಕೆಂದೇ ಅವನನ್ನು ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ಅವನು ಯಾವ ಸೈನ್ಯದವನೂ ಅಲ್ಲ. ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹುಣಸೆ ಗಿಡದವರೆಗೆ ಬಂದೇಬಿಟ್ಟ.

ಕಾಳವ್ವ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. “ಸಾಹೇಬರ, ಯುದ್ಧ ಮುಗದ್ರ ನನ್ನ ಅಳಿಯನ ನೌಕರಿ ಏನಾಗತೈತ್ರಿ?”

“ಯುದ್ಧ ಇಲ್ಲ ಅಂದ್ರ ಸೈನ್ಯ ಇಲ್ಲ. ಸೈನ್ಯ ಇಲ್ಲ ಅಂದ್ರ ಅವ ತಿರಿಗಿ ದ್ರಾಕ್ಷಿಗೆ ಹೋಗ್ತಾನ್ರಿ.”

“ನನ್ನ ಗ್ಯಾಸು, ಮಿಕ್ಸರು?”

“ಅವು ಮನಿಗೆ ಬರ್ತಾವ.”

ಅವಳು ಹಿತ್ತಲ ಬೀಸುವ ಕಲ್ಲಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಂಡು ರಸ್ತೆಗೆ ಬಂದಳು. “ಪಾರಿಸಣ್ಣ, ಬಸ್ಸಿನ್ಯಾಗ ಬಂದು ದಣದೀರಿ. ಒಂದು ತುತ್ತು ತಿಂದು ದಾಟ್ರಿ.” ಪಾರಿಸ ಹಿರೇ ಕಡೆಯ ಉಪ್ಪು ತಿಂದ. ಮೈಬೂಬ ಅವನ ಹೆಸರು ಹಚ್ಚಿಕೊಂಡು ಕೆಂಪು ರುಮಾಲು ಸುತ್ತಿದ. ಫೈಲು ಹುಣಸೆ ಗಿಡದ ಬುಡದಲ್ಲಿ ಉಳಿಯಿತು.

“ಹೊಡದಾಡ್ಲಿ ಬಿಡ್ರಿ ಸಾಹೇಬರ,” ಎಂದು ಕಾಳವ್ವ ಕೈ ಒರೆಸಿಕೊಂಡು ಒಳಗೆ ಹೋದಳು. ವಿರುಪಾಕ್ಷಪ್ಪನವರು ಪ್ರಗತಿ ವರದಿಯಲ್ಲಿ ‘ತೃಪ್ತಿಕರ’ ಎಂದು ಬರೆದರು.

ಈ ವಾರ ಶಿರಗುಪ್ಪಿಯಿಂದ ಕಬ್ಬು ಬೆಳೆಗಾರನೊಬ್ಬ ವಯಸ್ಸಿಗೆ ಬಂದ ಮೂವರು ಗಂಡುಮಕ್ಕಳನ್ನು ಕರೆತಂದು, “ಯಾವ ಸೈನ್ಯದವರಾದ್ರೂ ಅಡ್ಡಿಯಿಲ್ಲ, ಇವರನ್ನ ಹಿಡೀರಿ,” ಎಂದು ಕೈ ಮುಗಿದ. ಅವನ ಹಿಂದೆ ಅಥಣಿ ರಸ್ತೆಯವರೆಗೆ ಜನ ನಿಂತಿದ್ದರು. ನಾನು ಮೈಕಿನಲ್ಲಿ ಪ್ರಕಟಿಸಿದೆ: “ಸೆರೆ ಸಿಗಬಯಸುವವರು ಸಾಲಾಗಿ ನಿಲ್ಲಬೇಕು, ದಬ್ಬಾಡಬಾರದು. ಮದುವೆಯಾಗದವರಿಗೆ ಮೊದಲ ಆದ್ಯತೆ.” ಇದನ್ನು ಎರಡು ಸಲ ಓದಿ, ಮೈಕು ಆಫ್ ಮಾಡಿ, ನಾನೂ ಹೋಗಿ ಸಾಲಿನಲ್ಲಿ ನಿಂತೆ.