ಹಾಯಿದೋಣಿಯಲ್ಲಿ ಹೋಳಿಗೆ ಸಾರು

"ಇವತ್ತು ಈ ದೋಣಿ ತೊಟ್ಟಿಲಿನ ಹಾಗೆ ತೂಗಿದರೆ ನನ್ನ ಮೀಸೆ ಬೋಳಿಸ್ತೀನಿ!"

ಗಾಜನೂರಿನ ಹಿನ್ನೀರಿನ ದಡದಲ್ಲಿ ನಿಂತು ಶಿವರಾಜ್ ಘೋಷಿಸಿದ. ಮಾಚೇನಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಆತ ಸ್ವಂತ ಕೈಯಾರೆ ಕಟ್ಟಿದ ಹಾಯಿದೋಣಿ ಅದು. ಅಡ್ಡಗಾಳಿಗೆ ರಾಜಹಂಸದಂತೆ ಸಾಗುತ್ತಿತ್ತು. ಗಾಳಿ ಬೆನ್ನಿಗೆ ಬಿತ್ತೋ, ಕೆಸರು ಸಿಕ್ಕ ಎಮ್ಮೆಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡುತ್ತಿತ್ತು! ಹಿಂದಿನ ಸಲ ಹೆಂಡತಿ ದಾಕ್ಷಾಯಣಿ ತಿಂದ ಅವಲಕ್ಕಿಯನ್ನೆಲ್ಲ ತುಂಗೆಗೆ ಅರ್ಪಿಸಿದ್ದಳು.

"ನೋಡ್ರೀ, ಹೋಳಿಗೆ ಸಾರಿನ ಪಾತ್ರೆ ಮುಚ್ಚಳ ತೆಗೆದೇ ಇಡ್ತೀನಿ. ಚೆಲ್ಲಿದ್ರೆ ನಾಳೆನೇ ದೋಣಿ ಗುಜರಿಗೆ. ಇಡೀ ರವೀಂದ್ರನಗರದಲ್ಲಿ ಕಾರು ಬೀದೀಲಿ, ದೋಣಿ ಪೋರ್ಟಿಕೋದಲ್ಲಿ ಇರೋದು ನಮ್ಮನೇಲಿ ಮಾತ್ರ!"

"ಚೆಲ್ಲಲ್ಲ ಮಾರಾಯ್ತಿ! ಯಾವ ಮಷೀನ್ ನಡುಗಿದ್ರೂ ಮದ್ದು ಒಂದೇ, ಬುಡಕ್ಕೆ ತೂಕ!" ದೋಣಿಯ ನಟ್ಟನಡುವೆ ಬೋಲ್ಟ್ ಹಾಕಿ ಕೂರಿಸಿದ್ದ ಹಳೆಯ ಲೇತಿನ ತುಂಡನ್ನು ಆತ ಮನೆದೇವರನ್ನು ತೋರಿಸುವಂತೆ ತೋರಿಸಿದ. "ನಿಮ್ಮೂರ ಕಬ್ಬಿಣ, ಮಾವ!"

ಭದ್ರಾವತಿಯಿಂದ ಪರೀಕ್ಷಕರಾಗಿ ಬಂದಿದ್ದ ಮಾವ ವೀರಪ್ಪನವರು ಗರಿಗರಿ ಬಿಳಿ ಪಂಚೆಯಲ್ಲಿ ಆ ಕಬ್ಬಿಣಕ್ಕೊರಗಿ ಕುಳಿತರು. ಮಗಳು ಪಕ್ಕದಲ್ಲಿ, ಸಾರು ನಡುವೆ, ಚುಕ್ಕಾಣಿಯಲ್ಲಿ ಅಳಿಯ.

ಗಾಳಿ ಬೆನ್ನಿಗೆ ಬಿತ್ತು. ಹಾಯಿ ಉಬ್ಬಿತು, ಶಿವರಾಜನ ಎದೆಯೂ! ಮರುಗಳಿಗೆ ಶುರುವಾಯಿತು. ಕಬ್ಬಿಣ ಕೂರಿಸುವ ಮೊದಲು ಎಮ್ಮೆಯಂತಾದರೂ ನಿಧಾನವಾಗಿ ಹೊರಳುತ್ತಿತ್ತು. ತೂಕವೆಲ್ಲ ನಡುವೆ ಗುಡ್ಡೆಬಿದ್ದ ಮೇಲೆ ಜರಡಿ ಆಡಿಸಿದಂತೆ ಆಡತೊಡಗಿತು. ಸಾರು ಚಿಮ್ಮಿ ಮಾವನ ಪಂಚೆಯ ಮೇಲೆ ಕರ್ನಾಟಕದ ನಕ್ಷೆ ಬರೆಯಿತು.

"ಎಂಥ ಗಂಡನ್ನ ಆರಿಸ್ಕೊಂಡ್ಯೇ ಮಗಳೇ!"

"ನಾನಾ? ತೋರಿಸಿದ್ದು ನೀವು, ಅಪ್ಪಾಜಿ!"

"ತೋರಿಸಿದ್ದಷ್ಟೇ. ಒಪ್ಪಿದ್ದು ನೀನು!"

"ಇನ್ನೊಂದು ಗಂಡು ನೋಡೋಣ ಅಂದೆ ನಾನು. ಹುಡುಗಂಗೆ ಮಷೀನ್ ಗೊತ್ತು ಅಂತ ಕುಣಿದಿದ್ದು ಯಾರು?"

ಶಿವರಾಜನನ್ನು ಆರಿಸಿದ ಕೀರ್ತಿ ಇಬ್ಬರಿಗೂ ಬೇಡವಾಗಿತ್ತು! ಅಪ್ಪ ಸಿಡುಕಿಕೊಂಡು ಎಡಗಡೆಯ ಅಂಚಿಗೆ ಸರಿದರು. ಮಗಳು ಮೂತಿ ತಿರುಗಿಸಿ ಬಲಗಡೆಯ ಅಂಚಿಗೆ.

ದೋಣಿ ಶಾಂತವಾಯಿತು! ಪಾತ್ರೆಯಲ್ಲಿ ಉಳಿದ ಸಾರು ಕನ್ನಡಿಯಂತೆ ನಿಂತಿತು.

"ನೋಡಿದ್ರಾ ಕಬ್ಬಿಣದ ಮಹಿಮೆ!" ಎಂದು ಶಿವರಾಜ್ ಗರ್ಜಿಸಿದ.

"ಮಹಿಮೆಯಂತೆ ಮಹಿಮೆ!" ಅವನಿಗೆ ಮಂಗಳಾರತಿ ಎತ್ತಲು ಅಪ್ಪ ಮಗಳು ಒಮ್ಮೆಲೇ ನಡುವಿಗೆ ನುಗ್ಗಿದರು. ದೋಣಿ ಮತ್ತೆ ಎಗರಿತು. ಉಳಿದ ಸಾರು ನೇರ ಶಿವರಾಜನ ಮುಖಕ್ಕೆ!

ವೀರಪ್ಪನವರು ಕಬ್ಬಿಣವನ್ನು ನೋಡಿದರು, ಎರಡೂ ಅಂಚುಗಳನ್ನು ನೋಡಿದರು. "ದಾಕ್ಷಿ, ನೀನು ಆ ಕಡೆ ಹೋಗು. ನಾನು ಈ ಕಡೆ." ದೋಣಿ ಶಾಂತ. "ಈಗ ಬಾ." ಮತ್ತೆ ಜರಡಿ! ತೂಕ ನಡುವೆ ಸೇರಿದರೆ ಕುಣಿತ, ಅಂಚುಗಳಿಗೆ ಹಂಚಿದರೆ ಶಾಂತಿ! ಅಪ್ಪ ಮಗಳು ಬಿದ್ದು ಬಿದ್ದು ನಕ್ಕರು. ಅಳಿಯನ ಮೀಸೆಯಿಂದ ಮಾತ್ರ ಸಾರು ತೊಟ್ಟಿಕ್ಕುತ್ತಿತ್ತು.

ಮರುದಿನ ಗುಜರಿಗೆ ಹೋದದ್ದು ಆ ಕಬ್ಬಿಣ. ದೋಣಿ ಉಳಿಯಿತು. ಈಗ ಭಾನುವಾರ ಬಂತೆಂದರೆ ಅಪ್ಪ ಮಗಳೇ ಮೊದಲು ಸಿದ್ಧ. ಗಾಳಿ ಬೆನ್ನಿಗೆ ತಿರುಗಿದೊಡನೆ ಚುಕ್ಕಾಣಿ ಹಿಡಿದ ದಾಕ್ಷಾಯಣಿ ಕೂಗುತ್ತಾಳೆ:

"ಅಪ್ಪಾಜಿ, ಇವರನ್ನ ಆರಿಸಿದ್ದು ಯಾರು?"

"ನಾನಂತೂ ಅಲ್ಲ!"

ಅವರು ಈ ಅಂಚಿಗೆ, ಚುಕ್ಕಾಣಿ ಬಿಡದೆ ಇವಳು ಆ ಅಂಚಿಗೆ. ದೋಣಿ ಬೆಣ್ಣೆಯ ಮೇಲೆ ಜಾರಿದಂತೆ ಸಾಗುತ್ತದೆ. ಮೊದಲು ಕಬ್ಬಿಣವಿದ್ದ ಜಾಗದಲ್ಲಿ, ಬೋಳು ಮೂತಿಯ ಶಿವರಾಜ್ ಸಾರಿನ ಪಾತ್ರೆ ಹಿಡಿದುಕೊಂಡು ತೆಪ್ಪಗೆ ಕುಳಿತಿರುತ್ತಾನೆ.